ಕಂಬ ಹತ್ತುವವರು, ಕೆಳಗೆ ನಿಂತವರು

ಬೇರೆಯವರ ಕೆಲಸದ ಬಗ್ಗೆ ತೀರ್ಪು ಕೊಡುವಾಗ ನಮಗಿರುವ ಧೈರ್ಯ ನಮ್ಮದೇ ಕೆಲಸದ ಬಗ್ಗೆ ಮಾತಾಡುವಾಗ ಇರುವುದಿಲ್ಲ. ನಮ್ಮ ಕೆಲಸದ ಮಾತು ಬಂದರೆ ‘ಹೇಳಿದಷ್ಟು ಸುಲಭ ಅಲ್ಲ, ಮಾಡಿದವರಿಗೇ ಗೊತ್ತು’ ಅನ್ನುತ್ತೇವೆ. ಮೇಷ್ಟ್ರ ಮಾತು ಬಂದರೆ ‘ಅವರಿಗೇನು, ದಸರಾ ರಜೆ, ಬೇಸಿಗೆ ರಜೆ’. ಲೈಬ್ರರಿಯವರ ಮಾತು ಬಂದರೆ ‘ಪೇಪರ್ ಓದ್ಕೊಂಡು ಕೂತಿರೋ ಕೆಲಸ’. ಕಂಡಕ್ಟರ್ ಅಂದರೆ ಚಿಲ್ಲರೆ ಕೊಡದವನು, ಅಡಿಗೆಯವರು ಅಂದರೆ ತುಪ್ಪ ಮನೆಗೆ ಸಾಗಿಸುವವರು, ಸಾಫ್ಟ್‌ವೇರ್‌ನವರು ಅಂದರೆ ಎಸಿ ರೂಮಿನಲ್ಲಿ ಕೂತು ಲಕ್ಷ ಎಣಿಸುವವರು. ಒಂದೊಂದು ಕಸುಬಿಗೂ ಒಂದೊಂದು ಸಾಲಿನ ಷರಾ ಬರೆದು ಮುಗಿಸಿಬಿಟ್ಟಿದ್ದೇವೆ. ಬರೆಯುವ ಮೊದಲು ಅವರನ್ನೇ ಕೂರಿಸಿಕೊಂಡು ‘ದಿನವಿಡೀ ಏನು ಮಾಡ್ತೀರಿ?’ ಎಂದು ಕೇಳಿದವರು ಕಡಿಮೆ.

ನಾನಿರುವುದು ತೀರ್ಥಹಳ್ಳಿ ಸೀಮೆಯಲ್ಲಿ. ಇಲ್ಲಿ ಇಂಥ ಷರಾಗಳಲ್ಲಿ ಅತಿ ಕಹಿಯಾದದ್ದು ಲೈನ್‌ಮನ್‌ಗಳ ಪಾಲಿಗೆ ಬಂದಿದೆ. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ಕರೆಂಟು ಹಂಚುವ ಕೆಲಸ ಬೇರೆಬೇರೆ ಕಂಪನಿಗಳಿಗೆ ಹೋಯಿತು, ಹುದ್ದೆಯ ಹೆಸರೂ ಪವರ್‌ಮ್ಯಾನ್ ಎಂದಾಯಿತು. ಊರಿನ ಬಾಯಲ್ಲಿ ಇನ್ನೂ ಕೆಇಬಿಯೇ, ಲೈನ್‌ಮನ್ನೇ. ‘ಮೋಡ ಕಂಡ್ರೆ ಸಾಕು, ಕರೆಂಟ್ ತೆಗೆದು ಮಲಗ್ತಾರೆ’ ಎನ್ನುವ ಮಾತನ್ನು ನಾನು ಕೂಲಿಯವರಿಂದ ಹಿಡಿದು ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಓದಿದವರು ಹೇಳುವಾಗ ಅದಕ್ಕೆ ಇನ್ನಷ್ಟು ಖಚಿತತೆ ಬಂದಿರುತ್ತದೆ.

ಮೊದಲ ಹನಿಗೇ ದೀಪ ಆರುವುದು ನಿಜ. ಯಾಕೆ ಆರುತ್ತದೆ ಎನ್ನುವುದು ತಿಳಿದರೆ ಸಿಟ್ಟು ಉಳಿಯುವುದಿಲ್ಲ. ಕಂಬದ ತುದಿಯಲ್ಲಿ ತಂತಿ ಕಬ್ಬಿಣಕ್ಕೆ ತಾಗದ ಹಾಗೆ ಹಿಡಿದಿರುವುದು ಪಿಂಗಾಣಿಯ ಇನ್ಸುಲೇಟರ್. ಮಳೆಗಾಲ ಮುಗಿದಲ್ಲಿಂದ ಮೇ ತಿಂಗಳವರೆಗೆ ಅದರ ಮೇಲೆ ರಸ್ತೆಯ ಕೆಂಧೂಳು, ಹೊಗೆ, ಹಕ್ಕಿಯ ಹಿಕ್ಕೆ ಕೂರುತ್ತಲೇ ಇರುತ್ತದೆ. ಒಣಗಿರುವಷ್ಟು ದಿನ ಏನೂ ಆಗದು. ಮೊದಲ ತುಂತುರಿನಲ್ಲಿ ಆ ಧೂಳನ್ನು ತೊಳೆದುಹಾಕುವಷ್ಟು ನೀರಿರುವುದಿಲ್ಲ, ಹಸಿ ಮಾಡುವಷ್ಟು ಇರುತ್ತದೆ. ಹಸಿ ಧೂಳಿನ ಮೇಲಿಂದ ಕರೆಂಟು ಹರಿದು ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿಯುತ್ತದೆ. ಬಿಸಿಲಿಗೆ ಕಾದು ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟ ಪಿಂಗಾಣಿಗೆ ನೀರು ಸೇರಿಕೊಂಡರಂತೂ ಅದು ಅಲ್ಲೇ ಒಡೆಯುತ್ತದೆ. ಸಬ್‌ಸ್ಟೇಷನ್ನಿನಲ್ಲಿರುವ ರಿಲೇ ಇದನ್ನು ಕ್ಷಣದೊಳಗೆ ಗುರುತಿಸಿ ಬ್ರೇಕರನ್ನು ಬೀಳಿಸುತ್ತದೆ. ಯಾರೂ ಸ್ವಿಚ್ಚಿಗೆ ಕೈ ಹಾಕಿರುವುದಿಲ್ಲ. ಹಾಗೆ ಬೀಳದೆ ಹೋದರೆ ಆ ಕಂಬಕ್ಕೆ ಮೈ ಉಜ್ಜಲು ಬಂದ ದನವೋ ಕೈಯಿಟ್ಟು ನಿಂತ ಮಗುವೋ ಅಲ್ಲೇ ಉರುಳುತ್ತದೆ. ಜಡಿಮಳೆ ಹಿಡಿದು ಹೊಡೆದ ಮೇಲೆ ಪಿಂಗಾಣಿ ತೊಳೆದು ಶುಭ್ರವಾಗುತ್ತದೆ, ಧೂಳಿನ ಕಾರಣಕ್ಕೆ ಟ್ರಿಪ್ ಆಗುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಮರಗಳ ಸರದಿ. ಗಾಳಿಗೆ ಹೆಬ್ಬಲಸೋ ಅಡಿಕೆ ಮರವೋ ತಂತಿಯ ಮೇಲೆ ಬೀಳುತ್ತಲೇ ಇರುತ್ತದೆ.

ಕಳೆದ ಆಷಾಢದಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಬಂದು ನಮ್ಮಲ್ಲೇ ಉಳಿದು ಆಫೀಸಿನ ಕೆಲಸ ಮಾಡುತ್ತಿದ್ದ. ಒಂದು ರಾತ್ರಿ ಹೋದ ಕರೆಂಟು ಬೆಳಗಾದರೂ ಬರಲಿಲ್ಲ. ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು, ಟವರೂ ಸತ್ತಿತು. ‘ಅತ್ತೆ, ಒಂದು ಲೈನ್ ಸರಿ ಮಾಡೋಕೆ ಇಷ್ಟು ಹೊತ್ತು ಬೇಕಾ? ಎಲ್ಲಿ ಹೋಗಿದೆ ಅಂತ ಇವರಿಗೆ ಗೊತ್ತಾಗಲ್ವಾ?’ ಎಂದು ಜಗಲಿಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಅದೇ ಹೊತ್ತಿಗೆ ನಮ್ಮ ಭಾಗದ ಲೈನ್‌ಮನ್ ತೋಟದ ಸಂಕ ದಾಟಿ ಮೇಲೆ ಬಂದರು. ಹೆಗಲಲ್ಲಿ ಹಗ್ಗ, ಬೆಲ್ಟು, ಕೈಯಲ್ಲಿ ಉದ್ದನೆಯ ರಾಡು. ರಾತ್ರಿಯಿಂದ ನಡೆಯುತ್ತಲೇ ಇದ್ದವರು. ಕಾಫಿ ಕುಡಿಯಲು ಕೂತವರು ಮೊದಲು ಪ್ಯಾಂಟು ಮಡಚಿ ಕಾಲಿನ ಉಂಬಳ ಕಿತ್ತರು. ಹುಡುಗ ಅದೇ ಪ್ರಶ್ನೆಯನ್ನು ಅವರಿಗೂ ಕೇಳಿದ. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ಎಲ್ಲಿ ಫಾಲ್ಟ್ ಐತಿ ಅಂತ ಕಣ್ಣಿಗೆ ಕಾಣಂಗಿಲ್ರಿ. ಬರ್ರಿ, ನೋಡ್ಬರ್ರಿ’ ಅಂದರು. ಅವನು ಹೊರಟ. ನಾನೂ ಕೊಡೆ ಹಿಡಿದು ಹಳ್ಳದ ಆಚೆಯವರೆಗೆ ಹೋದೆ.

ಅಲ್ಲಿ ನಾವು ಕಂಡದ್ದು ಇಷ್ಟು. ಸಬ್‌ಸ್ಟೇಷನ್ನಿನಿಂದ ಹೊರಟ 11,000 ವೋಲ್ಟಿನ ಲೈನು ಗುಡ್ಡ, ಕಾಡು, ತೋಟ ಹಾದು ಮೈಲಿಗಟ್ಟಲೆ ಹೋಗುತ್ತದೆ. ನಡುವೆ ಹತ್ತಾರು ಕವಲು. ತಂತಿ ಹರಿದು ಬಿದ್ದಿದ್ದರೆ, ಮರ ಮುರಿದಿದ್ದರೆ ಹುಡುಕುವುದು ಸುಲಭ. ಹೊರಗೆ ಏನೂ ಕಾಣದೆ, ಚಾರ್ಜ್ ಮಾಡಿದ ತಕ್ಷಣ ಬ್ರೇಕರನ್ನು ಬೀಳಿಸುವ ಫಾಲ್ಟೇ ಕಷ್ಟದ್ದು. ಅದಕ್ಕೆ ಅವರು ಲೈನನ್ನು ನಡುವೆ ಬೇರೆ ಮಾಡುವ ಎಬಿ ಸ್ವಿಚ್ ತೆಗೆದು, ಸ್ಟೇಷನ್ನಿಗೆ ಫೋನು ಮಾಡಿ ‘ಟ್ರಯಲ್ ಕೊಡ್ರಿ ಸರ’ ಅನ್ನುತ್ತಾರೆ. ಕರೆಂಟು ಬೀಳದೆ ನಿಂತರೆ ಈಚೆಗಿನ ಅರ್ಧ ಸರಿ ಇದೆ, ತೊಂದರೆ ಆಚೆಗೆ ಇದೆ ಎಂದು ಅರ್ಥ. ಮುಂದಿನ ಅರ್ಧದಲ್ಲಿ ಇನ್ನೊಂದು ಕಡೆ ಜಂಪ್, ಅಂದರೆ ತಂತಿಯಿಂದ ತಂತಿಗೆ ಕೊಟ್ಟ ಕೊಂಡಿ, ಬಿಚ್ಚಿ ಮತ್ತೆ ಟ್ರಯಲ್. ಬಿದ್ದರೆ ಆ ತುಂಡಿನಲ್ಲೇ ಇದೆ. ಹೀಗೆ ಅರ್ಧ, ಅರ್ಧದ ಅರ್ಧ ಮಾಡುತ್ತ ಹೋಗಿ ಕೊನೆಗೆ ಕೆಲವೇ ಕಂಬಗಳಿಗೆ ಬಂದು ನಿಲ್ಲುತ್ತಾರೆ. ಒಂದೊಂದು ಟ್ರಯಲ್ಲಿಗೂ ನಡುವೆ ನಡೆಯಬೇಕಾದ ದಾರಿ ಇರುತ್ತದೆ, ಫೋನಿಗೆ ಸಿಗ್ನಲ್ ಸಿಗುವ ದಿಬ್ಬ ಹುಡುಕಬೇಕಾಗುತ್ತದೆ. ಹೊತ್ತು ಹೋಗುವುದು ಅಲ್ಲಿ.

ಅಣ್ಣನ ಮಗ ನಡೆಯುತ್ತಿದ್ದವನು ನಿಂತುಬಿಟ್ಟ. ‘ಬ್ರದರ್, ನಾವು ಕೋಡ್‌ನಲ್ಲಿ ತಪ್ಪು ಹುಡುಕೋದೂ ಹೀಗೇನೇ. ಅರ್ಧ ಬಿಟ್ಟು ಓಡಿಸೋದು, ಸರಿ ಇದ್ರೆ ಉಳಿದ ಅರ್ಧಕ್ಕೆ ಹೋಗೋದು’ ಅಂದ. ಅಲ್ಲಿಂದ ಅವರಿಬ್ಬರ ಮಾತು ನನ್ನನ್ನು ಬಿಟ್ಟು ಮುಂದೆ ಹೋಯಿತು. ನಿಮಗೂ ರಾತ್ರಿ ಫೋನ್ ಬರ್ತಾವೇನ್ರಿ ಎಂದು ಇವರು, ಸರ್ವರ್ ಬಿದ್ದರೆ ಎರಡು ಗಂಟೆಗೂ ಏಳಬೇಕು ಎಂದು ಅವನು. ಮತ್ತ ಬೈತಾರೇನ್ರಿ? ಮೇಲ್‌ನಲ್ಲಿ ಬೈತಾರೆ. ನಮಗ ಬಾಯಿಲೇ ಬೈತಾರ್ರಿ. ಇಬ್ಬರೂ ಜೋರಾಗಿ ನಕ್ಕರು. ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ತಾವಿದ್ದೇವೆ ಎಂದೇ ಯಾರಿಗೂ ತಿಳಿಯದ ಕೆಲಸ ಇಬ್ಬರದೂ. ಕೊನೆಗೆ ಫಾಲ್ಟು ಸಿಕ್ಕಿದ್ದು ಅಡಿಕೆ ತೋಟದ ಅಂಚಿನ ಕಂಬದಲ್ಲಿ. ಕೆಳಗಿನಿಂದ ನೋಡಿದರೆ ಪಿಂಗಾಣಿ ನೆಟ್ಟಗೇ ಇತ್ತು. ಅವರು ಮೇಲೆ ಹತ್ತಿ, ಬಟ್ಟೆಯಲ್ಲಿ ಒರೆಸಿದಾಗ ಹೊಲಿಗೆ ದಾರದಷ್ಟು ದಪ್ಪದ ಕಪ್ಪು ಗೆರೆ ಕಂಡಿತಂತೆ. ಬಿಚ್ಚಿ ತಂದ ಆ ಪಿಂಗಾಣಿಯನ್ನು ಹುಡುಗ ಬೆಂಗಳೂರಿಗೆ ಒಯ್ದಿದ್ದಾನೆ.

ಈ ಲೈನ್‌ಮನ್ ವಿಜಯಪುರ ಜಿಲ್ಲೆಯವರು. ಮಲೆನಾಡು, ಕರಾವಳಿಯ ಕಂಬಗಳ ಮೇಲೆ ಇವತ್ತು ಕೆಲಸ ಮಾಡುವವರಲ್ಲಿ ಬಯಲುಸೀಮೆಯ, ಉತ್ತರದ ಜಿಲ್ಲೆಗಳ ಹುಡುಗರು ಬಹಳ. ‘ನಮ್ಮೂರಾಗ ಮಳಿ ಬಂದ್ರ ಹಬ್ಬಾರಿ ಅಕ್ಕಾರ. ಇಲ್ಲಿ ಮಳಿ ಬಂದ್ರ ಡ್ಯೂಟಿ’ ಎಂದು ಅವರು ಒಮ್ಮೆ ಹೇಳಿದ್ದರು. ಬಂದ ಮೊದಲ ವರ್ಷ ಜಾರುವ ಕಂಬ, ಪಾಚಿ ಹಿಡಿದ ಕಾಲುದಾರಿ, ಉಂಬಳ, ಬೆನ್ನು ಬಿಡದ ನೆಗಡಿ, ಇವೆಲ್ಲ ಅವರಿಗೆ ಹೊಸದು. ನಮ್ಮ ಮಾತೂ ಹೊಸದು. ಅವರ ಮಾತನ್ನು ಅಣಕಿಸಿ ನಗುವವರು ನಮ್ಮಲ್ಲಿ ಇದ್ದರು, ಈಗಲೂ ಇದ್ದಾರೆ. ಅದನ್ನು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಊರು ಬಿಟ್ಟು ಬಂದು ನಮ್ಮ ಮನೆಗೆ ಬೆಳಕು ತರುವ ಮನುಷ್ಯನ ನಾಲಗೆಯನ್ನು ಹಿಡಿದು ಆಡಿಸುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

‘ಓದದೆ ಹೋದ್ರೆ ಕಂಬ ಹತ್ತಬೇಕಾಗುತ್ತೆ ನೋಡು’ ಎಂದು ಮಕ್ಕಳನ್ನು ಹೆದರಿಸುವ ತಂದೆತಾಯಿಗೆ ತಿಳಿಯದ ಸಂಗತಿ ಒಂದಿದೆ. ಕಂಬ ಹತ್ತುವ ಆ ಹುದ್ದೆಗೆ ಆರಿಸುವುದು ಎಸ್ಸೆಸ್ಸೆಲ್ಸಿಯ ಅಂಕ ನೋಡಿ. ಒಳ್ಳೆಯ ಅಂಕ ತೆಗೆದವರಿಗಷ್ಟೇ ಮೈದಾನದ ಪರೀಕ್ಷೆಗೆ ಕರೆ ಬರುತ್ತದೆ. ಅಲ್ಲಿ 8 ಮೀಟರ್ ಎತ್ತರದ ಕಂಬ ಹತ್ತಲೇಬೇಕು, ಜೊತೆಗೆ ಓಟ, ಸ್ಕಿಪ್ಪಿಂಗ್, ಗುಂಡು ಎಸೆತ. ತರಗತಿಯಲ್ಲಿ ಮುಂದಿದ್ದವರು, ಹೊಲದಲ್ಲಿ ಮೈ ಬಗ್ಗಿಸಿ ಬೆಳೆದವರು, ಎರಡೂ ಆಗಿರುವವರೇ ಇಲ್ಲಿಗೆ ಬರುವುದು. ಪದವಿ ಮುಗಿಸಿದವರೂ ಅವರಲ್ಲಿ ಇದ್ದಾರೆ. ಹಾಗಿದ್ದೂ ನಮ್ಮ ಪಕ್ಕದ ಕೇರಿಯಲ್ಲಿ ಒಂದು ಸಂಬಂಧದ ಮಾತು ಬಂದಾಗ ಹುಡುಗಿಯ ಸೋದರಮಾವ ‘ಕಂಬ ಹತ್ತೋನಿಗೆ ಕೊಡೋದಾ?’ ಎಂದು ಎಲೆಯ ಮುಂದಿನಿಂದ ಎದ್ದೇಬಿಟ್ಟರು. ಹುಡುಗನ ಸ್ವಭಾವ ಕೇಳಲಿಲ್ಲ, ಸಂಬಳವನ್ನೂ ಕೇಳಲಿಲ್ಲ. ಅಪಾಯದ ಕೆಲಸ, ಹೆಣ್ಣು ಕೊಡಲು ಭಯ ಅಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವರಿಗಿದ್ದದ್ದು ಭಯ ಅಲ್ಲ, ಹೇಸಿಗೆ. ಮೈ ಬೆವರಿಸಿ ಮಾಡುವ ಕೆಲಸವನ್ನು ಕೀಳು ಎಂದು ಎಣಿಸುವ ಆ ಹಳೆಯ ರೋಗ ಜಾತಿಯ ಜೊತೆಗೇ ಹುಟ್ಟಿದ್ದು. ಈಗ ಅದು ಡಿಗ್ರಿಯ ಬಟ್ಟೆ ಹಾಕಿಕೊಂಡು ತಿರುಗುತ್ತಿದೆ ಎಂದೇ ನನ್ನ ಖಚಿತ ನಂಬಿಕೆ.

ಅಂಗನವಾಡಿ ಟೀಚರುಗಳ ಪಾಡೂ ಇದೇ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದ ಇಂದಿನವರೆಗೆ ಊರವರ ಲೆಕ್ಕದಲ್ಲಿ ಅವರು ‘ಉಪ್ಪಿಟ್ಟು ಬೇಯಿಸಿ ಮಕ್ಕಳನ್ನ ಮಲಗಿಸೋರು’. ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ತೂಗಿ, ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕಿ ಇಟ್ಟು, ಆ ಗೆರೆ ಕೆಳಗೆ ಬಾಗಿದರೆ ತಾಯಿಯ ಮನೆಗೆ ಹೋಗಿ ಕೂತು ಏನು ತಿನ್ನಿಸುತ್ತೀ ಎಂದು ಕೇಳುವವರು ಅವರು. ಬಸುರಿಯರ ಪಟ್ಟಿ, ಬಾಣಂತಿಯರ ಪಟ್ಟಿ, ಪೋಲಿಯೋ ಹನಿ, ಮತದಾರರ ಪಟ್ಟಿ, ಈಗ ಫೋನಿನಲ್ಲಿ ಪೋಷಣ್ ಟ್ರ್ಯಾಕರ್. ಇಷ್ಟಕ್ಕೂ ಸಿಗುವುದು ಸಂಬಳ ಅಲ್ಲ, ಗೌರವಧನ. ಸೊಸೈಟಿಯ ಕಟ್ಟೆಯಲ್ಲಿ ಕೂತವರು ಅವರನ್ನು ಕಂಡು ‘ಏನ್ ಟೀಚರ್, ಇವತ್ತು ಬೇಗ ಮುಗೀತಾ?’ ಎಂದು ಕೇಳುವಾಗ ಅವರ ಚೀಲದಲ್ಲಿ ಅರ್ಧ ಬರೆದ ರಿಜಿಸ್ಟರುಗಳಿರುತ್ತವೆ.

ಮೆಚ್ಚುವಾಗಲೂ ನಮ್ಮ ರೀತಿ ಸರಿ ಇಲ್ಲ. ರಜನಿಕಾಂತ್ ಬೆಂಗಳೂರಿನಲ್ಲಿ ಬಿಟಿಎಸ್ ಬಸ್ಸಿನ ಕಂಡಕ್ಟರ್ ಆಗಿದ್ದರು ಎನ್ನುವುದನ್ನು ನಾವು ಎಷ್ಟು ಖುಷಿಯಿಂದ ಹೇಳುತ್ತೇವೆ! ಆ ಕಥೆಯಲ್ಲಿ ನಮಗೆ ಇಷ್ಟವಾಗುವುದು ಅವರು ಆ ಕೆಲಸ ಬಿಟ್ಟು ಹೋದರು ಎನ್ನುವುದು. ಅವರ ಜೊತೆಗೇ ಸೇರಿ ನಿವೃತ್ತಿಯವರೆಗೆ ಅದೇ ಬಸ್ಸಿನ ಮೆಟ್ಟಿಲ ಮೇಲೆ ನಿಂತವರು, ರಾತ್ರಿ ಡಿಪೋದಲ್ಲಿ ಲೆಕ್ಕ ಕೊಡುವಾಗ ಕಡಿಮೆ ಬಿದ್ದ ಕಾಸನ್ನು ಜೇಬಿನಿಂದ ತುಂಬಿದವರು, ಕತ್ತಲಲ್ಲಿ ಇಳಿಯುವ ಹೆಣ್ಣುಮಕ್ಕಳಿಗೆ ಮನೆಯ ತಿರುವಿನಲ್ಲೇ ಬಸ್ ನಿಲ್ಲಿಸಿದವರು ಯಾರ ಕಥೆಗೂ ಬರಲಿಲ್ಲ. ಒಬ್ಬರು ತಮ್ಮ ಕೆಲಸದಲ್ಲೇ ಉಳಿದು ಅದನ್ನು ಚೆನ್ನಾಗಿ ಮಾಡಿದರೆ ಅದು ಹೇಳಬೇಕಾದ ಸಂಗತಿ ಎಂದು ನಮಗೆ ಅನ್ನಿಸುವುದೇ ಇಲ್ಲ.

ವಿದ್ಯುತ್ತಿನ ಚರಿತ್ರೆಯೂ ಹೀಗೇ ಬರೆದಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 90 ಮೈಲಿಗೂ ಹೆಚ್ಚು ದೂರ ಕರೆಂಟು ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಶಾಲೆಯಲ್ಲಿ ಕಲಿತೆವು, ಕಲಿಯಬೇಕಾದ್ದೇ. ಆ 90 ಮೈಲಿಯ ಕಂಬಗಳಿಗೆ ಗುಂಡಿ ತೋಡಿದವರು, ತಂತಿ ಎಳೆದವರು, ಆಮೇಲೆ ಗಾಳಿಮಳೆಯಲ್ಲಿ ಅದನ್ನು ಕಾದವರು ಯಾರು? ಬಸವಣ್ಣನವರ ಕಾಲದ ಶರಣರನ್ನು ನೆನೆಯುವಾಗ ನನಗೆ ಈ ಪ್ರಶ್ನೆ ಬಲವಾಗಿ ಕಾಡುತ್ತದೆ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ. ಮಾಡುವ ಕೆಲಸವನ್ನು ಹೆಸರಿನ ಮುಂದೆ ಇಟ್ಟುಕೊಂಡು ತಲೆಯೆತ್ತಿ ನಡೆದವರು ಅವರು. ಕೆಲಸವೂ ಉಳಿಯಿತು, ಮನುಷ್ಯರೂ ಉಳಿದರು. ಇವತ್ತು ಯಾರ ಫೋನನ್ನಾದರೂ ತೆರೆದು ನೋಡಿ. ‘ಲೈನ್‌ಮನ್’, ‘ಲೈನ್‌ಮನ್ ಹೊಸಬ’, ‘ಗ್ಯಾಸ್’, ‘ಪ್ಲಂಬರ್’. ಕೆಲಸ ಇದೆ, ಹೆಸರಿಲ್ಲ. ವರ್ಷಗಟ್ಟಲೆ ಮನೆಗೆ ಬಂದುಹೋದವರ ಹೆಸರನ್ನು ಕೇಳದೆ ಇರಬಹುದು ಎಂದು ನಮಗೆ ಅನ್ನಿಸಿದ್ದು ಯಾವಾಗ?

ಆ ದಿನ ಕಂಬ ಹತ್ತುವ ಮೊದಲು ಅವರು ಮಾಡಿದ್ದನ್ನು ಇನ್ನೂ ಹೇಳಿಲ್ಲ. ಕೆಳಗೆ ನಿಂತು ನೋಡುವವರಿಗೆ ಅದು ಕೆಲಸದ ಹಾಗೆ ಕಾಣುವುದೇ ಇಲ್ಲ, ‘ಏನೋ ಫೋನಲ್ಲಿ ಮಾತಾಡ್ತಾ ನಿಂತಿದಾರೆ’ ಅನ್ನಿಸುತ್ತದೆ. ಅವರು ಸ್ಟೇಷನ್ನಿಗೆ ಫೋನು ಮಾಡಿ ಎಲ್‌ಸಿ ಕೇಳಿದರು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಸ್ಟೇಷನ್ನಿನವರು ಆ ಲೈನನ್ನು ಬಂದ್ ಮಾಡಿ, ಯಾರು ಕೇಳಿದರು, ಯಾವ ಹೊತ್ತಿಗೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಯಾರ ಹೆಸರಿನಲ್ಲಿ ಎಲ್‌ಸಿ ಹೋಗಿದೆಯೋ ಅವರೇ ಮರಳಿ ಫೋನು ಮಾಡಿ ಕೆಲಸ ಮುಗಿಯಿತು, ಎಲ್ಲರೂ ಇಳಿದಿದ್ದೇವೆ ಎಂದು ಹೇಳುವವರೆಗೆ ಚಾರ್ಜ್ ಮಾಡುವಂತಿಲ್ಲ. ಇಂಜಿನಿಯರ್ ಹೇಳಿದರೂ ಇಲ್ಲ, ಎಮ್ಮೆಲ್ಲೆ ಹೇಳಿದರೂ ಇಲ್ಲ. ಆಮೇಲೆ ಉದ್ದ ರಾಡಿನ ಕೊಕ್ಕೆಯನ್ನು ಒಂದೊಂದು ತಂತಿಗೂ ತಗುಲಿಸಿ ನೆಲಕ್ಕೆ ಅರ್ಥ್ ಮಾಡಿದರು, ಕೆಲಸ ಮಾಡುವ ಜಾಗದ ಈಚೆಗೂ ಆಚೆಗೂ. ಬಂದ್ ಆದ ಲೈನಿಗೆ ಎರಡೂ ಕಡೆ ಯಾಕೆ ಎಂದು ಅಣ್ಣನ ಮಗ ಕೇಳಿದ.

‘ನಿಮ್ಮಂಥವರ ಮನ್ಯಾಗ ಜನರೇಟರ್ ಇರ್ತಾವಲ್ರಿ’ ಅಂದರು.

ಈ ಮಾತು ಪ್ರತಿ ಮನೆಗೂ ಮುಟ್ಟಬೇಕು. ಚೇಂಜ್‌ಓವರ್ ಸ್ವಿಚ್ ಇಲ್ಲದೆ, ಮೇನ್ ಆಫ್ ಮಾಡದೆ ಜನರೇಟರನ್ನು ಮನೆಯ ವೈರಿಂಗಿಗೆ ಕೊಟ್ಟರೆ ಅದರ 230 ವೋಲ್ಟ್ ಹೊರಗಿನ ತಂತಿಗೂ ಹರಿದು ಟ್ರಾನ್ಸ್‌ಫಾರ್ಮರಿಗೆ ಹಿಂದಿನಿಂದ ಹೊಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ದಿಕ್ಕು ಇಲ್ಲ. ಮೇಲಿನಿಂದ ಬಂದದ್ದನ್ನು ಇಳಿಸಿ ಕೊಡುವ ಅದೇ ಯಂತ್ರ ಕೆಳಗಿನಿಂದ ಬಂದದ್ದನ್ನು ಏರಿಸಿ ಸಾವಿರಗಟ್ಟಲೆ ವೋಲ್ಟ್ ಮಾಡಿ ಮೇಲಿನ ಲೈನಿಗೆ ಕಳಿಸುತ್ತದೆ. ಸ್ಟೇಷನ್ ಬಂದ್ ಆಗಿದೆ, ಪುಸ್ತಕದಲ್ಲಿ ಬರೆದಿದೆ, ಎಲ್ಲ ಸರಿ ಇದೆ. ಯಾವುದೋ ಮನೆಯಲ್ಲಿ ಟಿವಿ ನೋಡಲು ಹಚ್ಚಿದ ಜನರೇಟರು ಗುಡ್ಡದಾಚೆಯ ಕಂಬದ ಮೇಲಿರುವ ಮನುಷ್ಯನನ್ನು ಕೊಲ್ಲಬಲ್ಲದು. ಅವರ ಮತ್ತು ಆ ಸಾವಿನ ನಡುವೆ ಇರುವುದು ಆ ಅರ್ಥ್ ರಾಡು, ಅದನ್ನು ತಗುಲಿಸಲು ಬೇಕಾದ ಕೆಲವು ನಿಮಿಷ.

ಆ ಕೆಲವು ನಿಮಿಷಗಳನ್ನೇ ನಾವು ಕಸಿಯುತ್ತಿದ್ದೇವೆ. ಅವರು ಕಂಬದ ಮೇಲಿದ್ದಷ್ಟು ಹೊತ್ತೂ ಕೆಳಗೆ ಚೀಲದಲ್ಲಿದ್ದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಇಳಿದ ಮೇಲೆ ಒಂದನ್ನು ಎತ್ತಿದರು. ಆಚೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ‘ಎಷ್ಟು ಹೊತ್ರೀ? ಸಂಬಳ ತಗೊಳ್ಳಲ್ವಾ? ಫೋನ್ ಎತ್ತೋಕೇನು ದೊಡ್ಡ ರೋಗ?’ ಇವರು ‘ಬರ್ತೈತ್ರಿ, ಎಲ್‌ಸಿ ವಾಪಸ್ ಕೊಡಾಕತ್ತೇನ್ರಿ’ ಎಂದಷ್ಟೇ ಹೇಳಿ ಇಟ್ಟರು. ದೂರು ಹೇಳಲು 1912 ಇದೆ, ಅಲ್ಲಿ ಬರೆದುಕೊಳ್ಳಲೆಂದೇ ಜನ ಕೂತಿರುತ್ತಾರೆ. ನಮಗೆ ಆ ಮನುಷ್ಯನಿಗೇ ಬೈಯಬೇಕು. ಹೀಗೆ ದಿನವಿಡೀ ಬೈಸಿಕೊಂಡವರು ಒಂದು ದಿನ ‘ಒಂದೇ ಜಂಪ್ ಅಲ್ವಾ, ಹಾಗೇ ಹತ್ತಿ ಹಾಕಿ ಇಳಿಯೋಣ’ ಎಂದುಕೊಂಡರೆ ಆ ಒಂದು ಸಲವೇ ಸಾಕು. ಪೇಪರಿನಲ್ಲಿ ಸಣ್ಣ ಸುದ್ದಿ ಬರುತ್ತದೆ, ನಿರ್ಲಕ್ಷ್ಯ ಎಂದು ಬರೆದಿರುತ್ತದೆ. ಹಿಂದಿನ ಗಂಟೆಯಲ್ಲಿ ಅವರಿಗೆ ಬಂದ ಫೋನುಗಳ ಲೆಕ್ಕ ಅದರಲ್ಲಿ ಇರುವುದಿಲ್ಲ. ಇನ್ನೊಬ್ಬರ ಕೆಲಸವನ್ನು ಹಗುರ ಮಾಡಿ ಆಡುವ ಮಾತು ಅವರ ಮನಸ್ಸಿಗೆ ನೋವು ಮಾಡುತ್ತದೆ ಎನ್ನುವುದಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅದು ಅವರ ಕೈಯನ್ನು ಆತುರಕ್ಕೆ ದೂಡುತ್ತದೆ. ಕಂಬದ ಮೇಲೆ ಆತುರಕ್ಕೆ ಜಾಗ ಇಲ್ಲ.

ಈ ಸಲ ಮೃಗಶಿರಾ ಹಿಡಿಯುವ ಮೊದಲು ನಮ್ಮ ಸುತ್ತಿನಲ್ಲಿ ಜನರೇಟರಿರುವ ಮನೆಗಳಿಗೆಲ್ಲ ಹೋಗಿ ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೀರಾ ಎಂದು ಕೇಳಿ ಬಂದೆ. ಹೆಚ್ಚಿನವರು ಹಾಕಿಸಿದ್ದರು. ಕೆಲವರಿಗೆ ವಿಷಯವೇ ಗೊತ್ತಿರಲಿಲ್ಲ, ಹೇಳಿದ ಮೇಲೆ ಗಾಬರಿಯಾಗಿ ಅವತ್ತೇ ಪೇಟೆಯ ಇಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದರು. ಒಬ್ಬರು ಮಾತ್ರ ‘ಅದೆಲ್ಲ ಕೆಇಬಿಯವರು ನೋಡ್ಕೋಬೇಕಾದ್ದು, ಸಂಬಳ ಕೊಡೋದು ಯಾಕೆ?’ ಅಂದರು. ಅವರ ಮನೆಗೆ ಮುಂದಿನ ವಾರ ಇನ್ನೊಮ್ಮೆ ಹೋಗುವವಳಿದ್ದೇನೆ, ಲೈನ್‌ಮನ್ನರನ್ನೂ ಕರೆದುಕೊಂಡು.